ಯಾರೂ ಮುಟ್ಟದ ನಾಯಿ

"ಏಳೋ! ಎಲುರ್, ಏಳೋ!"

ಮಾಯಲೆನ್ ಬೇಲಿಯ ಈಚೆ ನಿಂತು ಕೂಗುತ್ತಿದ್ದಳು. ಬೇಲಿಯ ಆಚೆ ಬಿಳಿ ನಾಯಿ ಮುಂಗಾಲು ಊರಿ ಏಳಲು ನೋಡಿತು. ಮುಂದಿನ ಅರ್ಧ ಎದ್ದಿತು. ಹಿಂದಿನ ಅರ್ಧ ಏಳಲಿಲ್ಲ. ಹಿಂಗಾಲುಗಳು ಒದ್ದೆ ಗೋಣಿಚೀಲದ ಹಾಗೆ ನೆಲದ ಮೇಲೆ ಎಳೆದುಕೊಂಡು ಬಂದವು. ಸ್ವಲ್ಪ ದೂರ ಹೀಗೆ ತೆವಳಿ, ಅದು ಧೊಪ್ಪನೆ ಬಿದ್ದುಬಿಟ್ಟಿತು.

ಮಾಯಲೆನ್ ಕೈಯಲ್ಲಿದ್ದ ಹಾಲಿನ ಬಾಟಲಿ ಜಾರಿತು. ಕಾಲ ಬಳಿ ಇದ್ದ ತಬ್ಬಲಿ ಕುರಿಮರಿ ಬಿದ್ದ ಬಾಟಲಿಗೇ ಬಾಯಿ ಹಾಕಿತು.

"ಅಕ್ಕಾ! ಅಮಾಯಾ! ಬೇಗ ಬಾರೇ!"

ಅಮಾಯಾ ತೋಳು ಮಡಚಿಕೊಂಡೇ ಕುರಿದೊಡ್ಡಿಯಿಂದ ಹೊರಗೆ ಬಂದಳು. ಮಾಯಲೆನ್‌ಗಿಂತ ನಾಲ್ಕು ವರ್ಷ ದೊಡ್ಡವಳು, ಮಾತಿನಲ್ಲಿ ಇನ್ನೂ ದೊಡ್ಡವಳು.

"ಏನೇ ಬೆಳ್ಬೆಳಗ್ಗೆ ಅರಚಾಟ? ಪಿಂಟೊ ಮೈಮೇಲೆ ಇನ್ನೊಂದು ಉಣುಗು ಸಿಕ್ತಾ, ಉಣುಗಿನ ಡಾಕ್ಟ್ರಮ್ಮಾ?"

ಅಷ್ಟರಲ್ಲಿ ಅವಳ ಕಣ್ಣಿಗೂ ಎಲುರ್ ಬಿದ್ದ. ಬಾಯಿಗೆ ಬಂದ ನಗು ಅಲ್ಲೇ ನಿಂತುಹೋಯಿತು.

"ಅಯ್ಯೋ... ಅಪ್ಪನ್ನ ಕರೀತೀನಿ. ನೀನು ಒಳಗೆ ಹೋಗ್ಬೇಡ. ಮುಟ್ಬೇಡ ಮತ್ತೆ!"

ಮುಟ್ಟಬಾರದು ಎನ್ನುವುದು ಮಾಯಲೆನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ಎರಡು ನಾಯಿಗಳು. ಪಿಂಟೊ ಕುರಿ ಅಟ್ಟುವ ನಾಯಿ. ಕೆಲಸ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗುತ್ತಾನೆ. ನಮ್ಮ ವಯೋಮಿಂಗ್ ಕಡೆ ಹಿಮ ಕರಗಿ ಸೇಜ್ ಪೊದೆ ಹಸಿರಾಗುವ ಹೊತ್ತಿಗೆ ಉಣುಗುಗಳೂ ಎದ್ದು ಬರುತ್ತವೆ. ಹುಲ್ಲಿನ ತುದಿ ಹತ್ತಿ, ಕಾಲು ಚಾಚಿಕೊಂಡು, ಯಾರಾದರೂ ಬರುತ್ತಾರೆಯೇ ಎಂದು ಕಾದು ಕೂರುತ್ತವೆ. ಅದಕ್ಕೇ ದಿನಾ ಸಂಜೆ ಪಿಂಟೊ ಮೈ ಬಾಚಿ, ಕಿವಿ, ಕಂಕುಳು, ಬೆರಳ ಸಂದಿ ನೋಡುವುದು ಮಾಯಲೆನ್ ಕೆಲಸ.

ಎಲುರ್ ಹಾಗಲ್ಲ. ಅವನು ಕುರಿ ಕಾಯುವ ನಾಯಿ. ಕಣ್ಣು ಬಿಟ್ಟು ಸ್ವಲ್ಪ ದಿನಕ್ಕೇ ಅವನನ್ನು ಕುರಿಮರಿಗಳ ನಡುವೆ ಬಿಟ್ಟಿದ್ದರು. ಕುರಿಗಳ ಜೊತೆ ಉಂಡು, ಕುರಿಗಳ ಜೊತೆ ಮಲಗಿ, ಕುರಿಗಳೇ ತನ್ನ ಮನೆಯವರು ಎಂದುಕೊಂಡು ಬೆಳೆದವನು. ರಾತ್ರಿ ತೋಳದ ಜಾತಿಯ ಕಯೋಟಿ ಬಂದರೆ ಎದೆ ಕೊಟ್ಟು ನಿಲ್ಲುವವನು. ಅವನ ಮೈ ಸವರುವ ಹಾಗಿಲ್ಲ, ಹೆಸರು ಹಿಡಿದು ಮುದ್ದು ಮಾಡುವ ಹಾಗಿಲ್ಲ. ಇದು ಅಜ್ಜನ ಕಟ್ಟಪ್ಪಣೆ. ಅಜ್ಜನನ್ನು ಆ ಮನೆಯವರು ಐತಾಚಿ ಎನ್ನುತ್ತಾರೆ. ಸ್ಪೇನ್ ಕಡೆಯಿಂದ ಬಂದ ಬಾಸ್ಕ್ ಜನ ಅಜ್ಜನನ್ನು ಕರೆಯುವುದೇ ಹಾಗೆ.

"ಮನುಷ್ಯರ ಕೈ ರುಚಿ ಹತ್ತಿದ್ರೆ ಅವನು ನಮ್ಮ ಮನೆ ಬಾಗಿಲು ಕಾಯ್ತಾನೆ. ಕುರೀನ ಯಾರು ಕಾಯ್ತಾರೆ, ನಿಮ್ಮಜ್ಜಿನಾ?" ಎಂದು ಐತಾಚಿ ಕೇಳುತ್ತಿದ್ದ.

ಮಾಯಲೆನ್ ಎಷ್ಟೋ ಸಲ ಬೇಲಿಯ ಹತ್ತಿರ ಕೈ ಚಾಚಿ, ಮತ್ತೆ ಜೇಬಿಗೆ ಹಾಕಿಕೊಂಡಿದ್ದಳು. ಒಂದು ಸಲವೂ ಮುಟ್ಟಿರಲಿಲ್ಲ.

ಅಪ್ಪ ಬೆನ್ಯಾಟ್ ಓಡಿ ಬಂದ. ಹಿಂದೆಯೇ ಐತಾಚಿ, ಕೋಲೂರಿಕೊಂಡು. ಇಬ್ಬರೂ ಎಲುರ್ ಪಕ್ಕ ನಿಂತು ನೋಡಿದರು. ಅಪ್ಪ ಬೂಟಿನ ತುದಿಯಿಂದ ನಾಯಿಯ ಹಿಂಗಾಲನ್ನು ಮೆಲ್ಲಗೆ ಸರಿಸಿದ. ಕಾಲು ಸರಿದ ಕಡೆಗೇ ಬಿದ್ದುಕೊಂಡಿತು.

"ಬೆನ್ನು ಮುರಿದಿದೆ" ಎಂದ ಐತಾಚಿ. "ಎಲ್ಕ್ ಜಿಂಕೆ ಒದ್ದಿರ್ಬೇಕು. ನಿನ್ನೆ ಹಳ್ಳದ ಹತ್ತಿರ ದೊಡ್ಡ ಹಿಂಡೇ ಇಳಿದಿತ್ತು. ನಾನು ಇಂಥದ್ದು ಕಂಡಿದ್ದೀನಿ. ಇದು ಏಳಲ್ಲ."

ಅಪ್ಪ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ಪಿಕಪ್ ಕಡೆ ನಡೆದು, ಸೀಟಿನ ಹಿಂದಿನಿಂದ ಬಂದೂಕು ತೆಗೆದ.

"ಅಮಾಯಾ, ತಂಗೀನ ಮನೆಗೆ ಕರ್ಕೊಂಡ್ ಹೋಗು."

ಒಂದು ಕ್ಷಣ ಮಾಯಲೆನ್‌ಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿಯಲ್ಲಿ ಗುಂಯ್ ಎಂದಿತು. ಕುರಿಗಳ ಕೂಗು ಎಲ್ಲೋ ದೂರದಿಂದ ಬಂದ ಹಾಗಿತ್ತು.

"ಬಾರೇ" ಎಂದು ಅಮಾಯಾ ಕೈ ಹಿಡಿದಳು.

"ಬೇಡ! ಅಪ್ಪಾ, ಬೇಡ! ಅವನು ಯಾಕೆ ಬೊಗಳ್ತಾ ಇಲ್ಲ?"

"ನೋವು ಪುಟ್ಟಾ."

"ನೋವಾದ್ರೆ ಕಿರುಚ್ಬೇಕು ತಾನೆ? ಅವನು ನಿನ್ನೆ ಸಾಯಂಕಾಲನೂ ಸರಿಯಾಗಿ ಬೊಗಳ್ಲಿಲ್ಲ. ಬೊಗಳಿದ್ರೆ ಬರೀ ಗಾಳಿ ಬರ್ತಿತ್ತು, ಗಂಟಲು ಕಟ್ಟಿದ ಥರ. ಆಗ ನಡೀತಾ ಇದ್ದ, ಬೆನ್ನು ಸರಿಯಾಗೇ ಇತ್ತು! ಬೆನ್ನು ಮುರಿಯೋಕೆ ಮುಂಚೆನೇ ಗಂಟಲು ಯಾಕೆ ಹೋಯ್ತು?"

ಅಪ್ಪ ನಿಂತ. ಐತಾಚಿ ಹುಬ್ಬು ಗಂಟಿಕ್ಕಿದ.

"ಡಾಕ್ಟ್ರಿಗೆ ಫೋನ್ ಮಾಡಪ್ಪಾ. ಒಂದೇ ಒಂದು ಫೋನು. ಆಮೇಲೆ ನಾನೇ ಮನೆಗೆ ಹೋಗ್ತೀನಿ."

ಅಪ್ಪ ಬಂದೂಕನ್ನು ಪಿಕಪ್‌ಗೆ ಒರಗಿಸಿ ಫೋನ್ ತೆಗೆದ. ದನದ ಡಾಕ್ಟರ್ ಹೇಗನ್ ಬಲು ದೂರದ ಇನ್ನೊಂದು ರ‍್ಯಾಂಚಿನಲ್ಲಿದ್ದಳು.

"ಬೇಗ ಹೇಳಿ ಬೆನ್ಯಾಟ್, ಇಲ್ಲೊಂದು ಹಸು ಕರು ಹಾಕ್ತಾ ಇದೆ. ನನ್ನ ಒಂದು ಕೈ ಹಸು ಒಳಗಿದೆ!"

ಅಪ್ಪ ಹೇಳಿದ. ಮಾಯಲೆನ್ ನಡುವೆ ಬಾಯಿ ಹಾಕಿ ಗಂಟಲಿನ ವಿಷಯ ಹೇಳಿದಳು. ಫೋನಿನ ಆ ಕಡೆ ಹಸು ಒಂದು ಸಲ ಮುಲುಗಿತು.

"ಉಣುಗಿನ ಮಾತ್ರೆ ಯಾವಾಗ ಕೊಟ್ಟಿದ್ದು?" ಎಂದಳು ಡಾಕ್ಟರ್.

"ಈ ತಿಂಗಳ ಮೊದಲ್ನೇ ವಾರ. ಪಿಂಟೊ ತಪ್ಪದೆ ತಿಂತಾನೆ."

"ಪಿಂಟೊ ಅಲ್ಲ ಮಾರಾಯ್ರೇ. ಇವನಿಗೆ?"

ಅಪ್ಪ ಐತಾಚಿಯ ಮುಖ ನೋಡಿದ. ಐತಾಚಿ ಅಪ್ಪನ ಮುಖ ನೋಡಿದ. ಅಮಾಯಾ ತನ್ನ ಬೂಟು ನೋಡಿಕೊಂಡಳು.

ಕುರಿಗಳಿಗೆ ಬೆನ್ನ ಮೇಲೆ ಔಷಧಿ ಸುರಿದಿದ್ದರು. ಪಿಂಟೊಗೆ ತಿಂಗಳು ತಿಂಗಳು ಮಾತ್ರೆ, ಮೇಲೆ ದಿನಾ ಬಾಚುವುದು ಬೇರೆ. ಎಲುರ್ ಕುರಿಯೂ ಅಲ್ಲ, ಮನೆಯ ನಾಯಿಯೂ ಅಲ್ಲ. ಅವನನ್ನು ಮರೆತಿದ್ದರು ಎನ್ನುವ ಹಾಗೂ ಇಲ್ಲ. ಅವನಿಗೂ ಬೇಕು ಎಂದು ಯಾರಿಗೂ ಹೊಳೆದೇ ಇರಲಿಲ್ಲ. ದಿನಾ ಸಂಜೆ ಬಾಚಣಿಗೆ ಹಿಡಿಯುವ ಮಾಯಲೆನ್‌ಗೂ.

"ಹುಡುಕಿ" ಎಂದಳು ಡಾಕ್ಟರ್. ದನಿ ಗಟ್ಟಿಯಾಗಿತ್ತು. "ಅಷ್ಟು ದೊಡ್ಡ ನಾಯಿನ ಮಲಗಿಸೋಕೆ ಒಂದು ಹೆಣ್ಣುಣುಗು ಸಾಕು. ಕಚ್ಚಿಕೊಂಡು ಕೂತಿರೋವಷ್ಟು ದಿನಾನೂ ಅದರ ಜೊಲ್ಲಿನಿಂದ ವಿಷ ಇಳೀತಾ ಇರುತ್ತೆ. ಮೊದಲು ಹಿಂಗಾಲು ಹೋಗುತ್ತೆ. ಆಮೇಲೆ ಮುಂಗಾಲು. ಆಮೇಲೆ ಉಸಿರು."

"ಉಸಿರಾ?" ಎಂದಳು ಮಾಯಲೆನ್.

"ಹೌದಮ್ಮಾ. ಅದಕ್ಕೇ ಬೇಗ. ಫೋನ್ ಇಡ್ಬೇಡಿ, ಪಕ್ಕದಲ್ಲೇ ಇರ್ಲಿ."

ಎಲ್ಲರೂ ಐತಾಚಿಯ ಕಡೆ ತಿರುಗಿದರು. ಬೇಲಿಯ ಬಾಗಿಲ ಮೇಲೆ ಅವನ ಕೈ ಇತ್ತು. ಅವನು ಅಗುಳಿ ತೆಗೆದು ಪಕ್ಕಕ್ಕೆ ಸರಿದ.

"ಮುಟ್ಟು" ಎಂದ.

ಮಾಯಲೆನ್ ಒಳಗೆ ಓಡಿ ಮಂಡಿಯೂರಿ ಕೂತಳು. ಎಲುರ್‌ನ ತುಟಿ ಒಂದು ಸಲ ಮೇಲೆದ್ದು ಹಲ್ಲು ಕಂಡಿತು. ಆಮೇಲೆ ಅದಕ್ಕೂ ಶಕ್ತಿ ಸಾಲದೆ ತುಟಿ ಇಳಿಯಿತು. ಅವಳು ಬೆರಳನ್ನು ಕೂದಲೊಳಗೆ ತೂರಿಸಿದಳು. ಮೇಲೆ ಒಂದು ಕೂದಲು, ಒಳಗೆ ಹತ್ತಿಯಂಥ ಇನ್ನೊಂದು ಕೂದಲು, ಅದರೊಳಗೆ ಚಳಿಗಾಲವಿಡೀ ಕಟ್ಟಿದ ಗಂಟು, ಮುಳ್ಳು, ಮಣ್ಣು. ಪಿಂಟೊ ಮೈ ಇವನ ಮುಂದೆ ಏನೂ ಅಲ್ಲ.

ಅಮಾಯಾ ಮನೆಯಿಂದ ಚಿಮುಟ, ಕತ್ತರಿ, ಸ್ಪಿರಿಟ್ ಬಾಟಲಿ ತಂದಳು. ಅಪ್ಪನೂ ಹುಡುಕಿದ. ಆದರೆ ಚಳಿಗೆ ಒಡೆದ ಅವನ ದಪ್ಪ ಬೆರಳಿಗೆ ಮುಳ್ಳು ಯಾವುದು, ಚರ್ಮ ಯಾವುದು ಎಂದೇ ಗೊತ್ತಾಗುತ್ತಿರಲಿಲ್ಲ.

"ಸಿಕ್ತು! ಹೊಟ್ಟೆ ಹತ್ತಿರ!" ಎಂದು ಮಾಯಲೆನ್ ಕೂಗಿದಳು. "ಚಿಮುಟ ಕೊಡೇ ಅಕ್ಕಾ!"

ಅಮಾಯಾ ಬಗ್ಗಿ ನೋಡಿದಳು. "ಥೂ, ಅದು ಮೊಲೆತೊಟ್ಟು ಕಣೇ! ಕಿತ್ತುಬಿಟ್ಟೀಯ!"

"ಗಂಡು ನಾಯಿಗೂ ಇರುತ್ತಾ?"

"ಇರುತ್ತೆ, ಇರುತ್ತೆ, ಬಿಟ್ಬಿಡಿ ಅದನ್ನ!" ಎಂದು ಫೋನಿನಿಂದ ಡಾಕ್ಟರ್ ಕೂಗಿದಳು.

ಯಾರಿಗೂ ನಗು ಬರಲಿಲ್ಲ. ಎಲುರ್‌ನ ಮುಂಗಾಲು ಈಗ ಮಡಚಿಕೊಂಡಿತ್ತು. ಪಕ್ಕೆ ಏಳುವುದು, ಇಳಿಯುವುದು. ಏಳುವುದು... ಆಮೇಲೆ ಬಹಳ ಹೊತ್ತಿಗೆ ಇಳಿಯುವುದು. ಮಾಯಲೆನ್ ಕಣ್ಣು ಮುಚ್ಚಿಕೊಂಡಳು. ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ತಿಳಿಯುತ್ತಿತ್ತು. ಕತ್ತು. ದವಡೆ. ಕಿವಿಯ ಬುಡ. ಅಲ್ಲಿ ಒಂದು ಕೂದಲ ಗಂಟು. ಗಂಟಿನ ಕೆಳಗೆ ನುಣ್ಣಗೆ, ಮೆತ್ತಗೆ, ನೆನೆಸಿದ ಬೀನ್ಸ್ ಕಾಳಿನಷ್ಟು ದಪ್ಪಗೆ ಏನೋ ಇತ್ತು.

ಅಮಾಯಾ ಕತ್ತರಿಯಿಂದ ಗಂಟು ಕತ್ತರಿಸಿದಳು. ಬೂದು ಬಣ್ಣದ ಉಣುಗು, ಉಬ್ಬಿಕೊಂಡು ಹೊಳೆಯುತ್ತಿತ್ತು.

ಐತಾಚಿ ಜೇಬಿನಿಂದ ಲೈಟರ್ ತೆಗೆದು ಚಟ್ಟನೆ ಹೊತ್ತಿಸಿದ. "ಸರೀರಿ, ಬೆಂಕಿ ತಾಗಿಸಿದ್ರೆ ತಾನಾಗೇ ಬಿಡುತ್ತೆ. ನಮ್ಮಪ್ಪನೂ ಹೀಗೇ—"

"ಅದ್ಯಾರು ಲೈಟರ್ ಹೊತ್ತಿಸಿದ್ದು?" ಫೋನು ಗುಡುಗಿತು. "ಆರಿಸಿ! ಸುಟ್ರೆ ಹೊಟ್ಟೇಲಿರೋದನ್ನೆಲ್ಲ ಅವನೊಳಗೇ ಕಕ್ಕಿಬಿಡುತ್ತೆ. ಎಣ್ಣೆ ಬೇಡ, ಬೆಂಕಿ ಬೇಡ. ಚಿಮುಟದಲ್ಲಿ ಚರ್ಮಕ್ಕೆ ಅಂಟಿಕೊಂಡ ಹಾಗೆ ಹಿಡೀರಿ. ತಿರುಗಿಸ್ದೆ ನೇರ ಎಳೀರಿ. ಬೆರಳಲ್ಲಿ ಹಿಚುಕ್ಬೇಡಿ."

ಐತಾಚಿ ಲೈಟರ್ ಆರಿಸಿ, ಕಳ್ಳನ ಹಾಗೆ ಜೇಬಿಗೆ ಹಾಕಿಕೊಂಡ.

ಮಾಯಲೆನ್ ಎಳೆದಳು. ಬರಲಿಲ್ಲ. ಕೈ ನಡುಗದ ಹಾಗೆ ಉಸಿರು ಹಿಡಿದು ಎಳೆದಳು. ಚರ್ಮ ಸ್ವಲ್ಪ ಮೇಲೆದ್ದಿತು. ಆಮೇಲೆ ಉಣುಗು ಬಾಯಿ ಸಮೇತ ಕಿತ್ತು ಬಂತು. ಅದು ಚಿಮುಟದ ತುದಿಯಲ್ಲಿ ನಿಧಾನವಾಗಿ ಕಾಲು ಆಡಿಸುತ್ತಿತ್ತು. ಅಮಾಯಾ ಅದನ್ನು ಸ್ಪಿರಿಟ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದಳು.

"ಇಷ್ಟೇ ಇಷ್ಟು... ಇದಾ?" ಎಂದು ಐತಾಚಿ ಬಾಟಲಿಯನ್ನು ಬೆಳಕಿಗೆ ಹಿಡಿದ. ಮತ್ತೆ ಎಲುರ್‌ನ ಕಡೆ ನೋಡಿದ. ಕಯೋಟಿಗೆ ಬಗ್ಗದ ನಾಯಿ. ಐತಾಚಿಯ ಮುಖ ಬಿಳಿಚಿಕೊಂಡಿತ್ತು.

"ಒಂದು ಸಿಕ್ತು ಅಂತ ನಿಲ್ಲಿಸ್ಬೇಡಿ" ಎಂದಳು ಡಾಕ್ಟರ್. ಹುಡುಕಿದರು. ಕಾಲ್ಬೆರಳ ಸಂದಿಯಲ್ಲಿ ಇನ್ನೊಂದು ಸಿಕ್ಕಿತು. ಬಾಲದ ತುದಿಯವರೆಗೂ ನೋಡಿದರು.

"ಇನ್ನು ಕಾಯೋದು. ಕರು ಬರ್ತಿದ್ದ ಹಾಗೇ ಹೊರಟು ಬರ್ತೀನಿ. ಅಲ್ಲೀವರೆಗೂ ಉಸಿರು ನೋಡ್ತಾ ಇರಿ. ಗಂಟಲು ಸರಿ ಹೋಗೋವರೆಗೂ ಬಾಯಿಗೆ ಏನೂ ಹಾಕ್ಬೇಡಿ."

ಅಪ್ಪ ಪಿಕಪ್ ಹತ್ತಿರ ಹೋಗಿ ಬಂದೂಕಿನಿಂದ ಗುಂಡು ತೆಗೆದ. ತೆಗೆದ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತೇ ಇದ್ದ. ಆ ಒಂದು ಫೋನು ಮಾಡದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದನೋ ಏನೋ.

ಮಾಯಲೆನ್ ಒಣಹುಲ್ಲಿನ ಮೇಲೆ ಎಲುರ್ ಪಕ್ಕ ಕೂತಳು. ಒಂದು ಕೈ ಅವನ ಪಕ್ಕೆಯ ಮೇಲಿತ್ತು. ಮಧ್ಯಾಹ್ನ ಅಮಾಯಾ ಚೊರಿಜೊ ಸಾಸೇಜ್ ಇಟ್ಟ ಬ್ರೆಡ್ ತಂದಿಟ್ಟಳು. ಅದನ್ನು ತಿನ್ನಲು ಮಾಯಲೆನ್‌ಗೆ ಮನಸ್ಸೇ ಬರಲಿಲ್ಲ.

ಐತಾಚಿ ಬಂದು ನೋಡಿದ, ಹೋದ, ಮತ್ತೆ ಬಂದ. "ಇಷ್ಟೊತ್ತು ಮೈ ಸವರ್ತಾ ಕೂತ್ರೆ ಕೆಡ್ತಾನೆ ಇವನು" ಎಂದ, ಮೆಲ್ಲಗೆ.

"ಸಾಯೋದಕ್ಕಿಂತ ಕೆಡೋದು ವಾಸಿ ಅಲ್ವಾ ಐತಾಚಿ?" ಎಂದಳು ಅಮಾಯಾ.

ಐತಾಚಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ಅಲ್ಲಿಂದ ಮತ್ತೆ ಏಳಲಿಲ್ಲ.

ಸಂಜೆಯ ಹೊತ್ತಿಗೆ ಡಾಕ್ಟರ್ ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು. "ಉಸಿರು ಸರಿಯಾಗ್ತಾ ಇದೆ" ಎಂದಳು. ಅವಳು ಚೀಲ ಕಟ್ಟುತ್ತಿರುವಾಗ ಗುಡ್ಡದ ಆಚೆ ಒಂದು ಕಯೋಟಿ ಕೂಗಿತು. ಎಲುರ್‌ನ ಕಿವಿ ನಿಮಿರಿತು. ಒಡಕು ಕೊಳಲಿನಂಥ ದನಿಯಲ್ಲಿ ಅವನು ಒಂದು ಸಲ ಬೊಗಳಿದ. ನಾಯಿಯೊಂದು ಅಷ್ಟು ಕೆಟ್ಟದಾಗಿ ಬೊಗಳುವುದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪ ಮುಖ ಆ ಕಡೆ ತಿರುಗಿಸಿ ತೋಳಿನಿಂದ ಮೂಗು ಒರೆಸಿಕೊಂಡ.

ಮರುದಿನ ಬೆಳಗ್ಗೆ ಮಾಯಲೆನ್ ದೊಡ್ಡಿಗೆ ಓಡಿದಾಗ ಎಲುರ್ ನಿಂತಿದ್ದ. ಕಾಲು ನಾಲ್ಕೂ ನಾಲ್ಕು ಕಡೆ ಹೋಗುತ್ತಿತ್ತು, ಆದರೂ ನಿಂತಿದ್ದ. "ಎಲುರ್!" ಎಂದು ಅವಳು ಎರಡೂ ಕೈ ಚಾಚಿದಳು. ಅವನು ಓಲಾಡುತ್ತ ಅವಳತ್ತ ಬಂದ. ಹತ್ತಿರ ಬಂದ. ಅವಳನ್ನು ದಾಟಿ, ತಿರುಗಿಯೂ ನೋಡದೆ ಮುಂದೆ ಹೋದ. ಕುರಿಗಳ ನಡುವೆ ಹೋಗಿ, ನಿಟ್ಟುಸಿರು ಬಿಟ್ಟು ಮಲಗಿದ. ಒಂದು ಕುರಿಮರಿ ಅವನ ಬೆನ್ನ ಮೇಲೆ ಹತ್ತಿ ನಿಂತಿತು.

ಮಾಯಲೆನ್‌ನ ಕೈಗಳು ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿ ಇದ್ದವು. ಆಮೇಲೆ ಅವಳು ಕೈ ಇಳಿಸಿದಳು.

"ನೋಡಿದ್ಯಾ" ಎಂದ ಐತಾಚಿ ಹಿಂದಿನಿಂದ. "ಕೆಟ್ಟಿಲ್ಲ." ಆ ಮಾತಿನಲ್ಲಿ ಗೆದ್ದ ಹೆಮ್ಮೆ ಇರಲಿಲ್ಲ.

ಆ ಭಾನುವಾರ ಚರ್ಚಿನಿಂದ ಬಂದ ಮೇಲೆ ಐತಾಚಿಯೇ ಬಾಚಣಿಗೆ ಕೇಳಿದ. ಎಲುರ್ ಮಾತ್ರೆಯನ್ನು ಮಾಂಸದ ಜೊತೆ ನುಂಗಿದ್ದ. ಆದರೂ ವಾರಕ್ಕೊಂದು ಸಲ ಕೈಯಾಡಿಸಿ ನೋಡಬೇಕು ಎಂದು ಡಾಕ್ಟರ್ ಹೇಳಿದ್ದಳು.

"ಮಾತಾಡಿಸ್ಬಾರ್ದು, ಮುದ್ದು ಮಾಡ್ಬಾರ್ದು" ಎಂದ ಐತಾಚಿ. "ಮುಟ್ಟೋದು ನೋಡೋಕೆ, ಅಷ್ಟೇ. ನೀನು ಹಿಂದಿನ ಅರ್ಧ ನೋಡು, ನಾನು ಮುಂದಿನ ಅರ್ಧ."

ಇಬ್ಬರೂ ಮಾತಿಲ್ಲದೆ ಕೂತು ಹುಡುಕಿದರು. ಎಲುರ್ ಅವರಿಬ್ಬರ ಭುಜದ ಮೇಲಿಂದ ಕುರಿಗಳನ್ನೇ ನೋಡುತ್ತಿದ್ದ. ಮಾಯಲೆನ್ ಬಾಲದವರೆಗೂ ನೋಡಿ ಮುಗಿಸಿ ತಲೆ ಎತ್ತಿದಳು.

ಐತಾಚಿ ಕೈಗವಸು ತೆಗೆದಿಟ್ಟಿದ್ದ. ಅವನ ಬೆರಳು ಎಲುರ್‌ನ ಕಿವಿಯ ಹಿಂದೆ ಇತ್ತು. ಅಲ್ಲಿ ಯಾವ ಉಣುಗೂ ಇರಲಿಲ್ಲ. ಮತ್ತೆ ಮತ್ತೆ, ಮೆಲ್ಲಗೆ, ಬೆರಳು ಅಲ್ಲೇ ಆಡುತ್ತಿತ್ತು.

ತನ್ನದಿನ್ನೂ ಮುಗಿದಿಲ್ಲ ಎನ್ನುವ ಹಾಗೆ, ಮಾಯಲೆನ್ ಮತ್ತೆ ಬಾಲದ ಕಡೆಯಿಂದ ಹುಡುಕಲು ಶುರುಮಾಡಿದಳು.