ನಾಲ್ಕನೇ ಗೂಟದ ನಿಲುವಂಗಿ

ಚಾಕು ಬಿಷಪ್ಪರ ಎದೆಗೇ ಹೊಕ್ಕಿತ್ತು. ಪುಣ್ಯಕ್ಕೆ ನಿಲುವಂಗಿಯೊಳಗೆ ಬಿಷಪ್ಪರಿರಲಿಲ್ಲ.

ಬ್ರಿಟಿಷ್ ಸಂಸತ್ತಿನಲ್ಲಿ ಬಿಷಪ್ಪರೂ ಕೂರುವ ಲಾರ್ಡ್ಸ್ ಸಭೆಯ ಬಾಗಿಲು ಕಾಯುವವರಲ್ಲಿ ನನ್ನಂಥ ಗಟ್ಟಿ ಗುಂಡಿಗೆಯವನು ಮುನ್ನೂರು ವರ್ಷದಲ್ಲಿ ಹುಟ್ಟಿಲ್ಲ. ಆದರೂ ಬಿಷಪ್ಪರು ಉಡುಪು ತೊಡುವ ಕೋಣೆಯಲ್ಲಿ ಅದನ್ನು ಕಂಡಾಗ ನನ್ನ ಮೊಣಕಾಲು ಬಡಿದುಕೊಂಡ ಸದ್ದು ಥೇಮ್ಸ್ ನದಿಯ ಆಚೆ ದಡಕ್ಕೂ ಕೇಳಿಸಿರಬೇಕು. ನಿಲುವಂಗಿ ತೂಗುತ್ತಿದ್ದದ್ದು ನಾಲ್ಕನೇ ಗೂಟಕ್ಕೆ. ಚಾಕುವಿಗೆ ಸಿಕ್ಕಿಸಿದ ಚೀಟಿ: "ಕ್ರಿಸ್ಪಿನ್, ಇವತ್ತು ಬಾಯಿ ಬಿಟ್ಟರೆ ಮುಂದಿನ ಸಲ ಇದರೊಳಗೆ ನೀನಿರುತ್ತೀಯ."

ಬಿಷಪ್ ಕ್ರಿಸ್ಪಿನ್ ಮೂರು ಗಂಟೆಗೆ ಮಾತನಾಡಬೇಕಿತ್ತು. ಮಕ್ಕಳನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕಬಾರದೆಂಬ ಮಸೂದೆ ಅವರದು. ಹುಡುಗನೊಬ್ಬ ಸತ್ತ ಹಾರೋಮೂರ್ ಮಕ್ಕಳ ಬಂದೀಖಾನೆಯ ಹಳೆಯ ತಪಾಸಣಾ ವರದಿಯನ್ನು ಓದುವವರಿದ್ದರು. ನಿಲುವಂಗಿ ಇಲ್ಲದೆ ಬಿಷಪ್ಪರು ಸಭೆಯಲ್ಲಿ ಮಾತಾಡುವಂತಿಲ್ಲ.

ಅವರು ಚೀಟಿಯನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದರು.

"ಭಯ ಆಗ್ತಿದೆ, ಟ್ರೆಂಚ್. ಆದ್ರೆ ಆ ಹುಡುಗನ ತಾಯಿ ಮೇಲೆ ಗ್ಯಾಲರೀಲಿ ಕೂತಿದಾರೆ. ಅವರಿಗೇನು ಹೇಳ್ಲಿ?"

\* \* \*

ನನ್ನ ಅನುಮಾನ ಲಾರ್ಡ್ ಮಾಲ್ವರ್ಡ್ ಮೇಲೆ. ಬಂದೀಖಾನೆ ನಡೆಸುವವನು ಅವನೇ. ನಿನ್ನೆ ಬಿಷಪ್ಪರ ಮೇಲೆ ಅವನು ಕೂಗಾಡಿದ್ದಕ್ಕೆ ಗೋಪುರದ ಗಡಿಯಾರವೇ ಒಂದು ಕ್ಷಣ ನಿಂತಿತ್ತು. ಕೇಳಿದರೆ ಮುಖಕ್ಕೇ ನಕ್ಕ.

"ಬಿಷಪ್ಪರು ಬಟ್ಟೆ ಎಲ್ಲಿ ನೇತಾಕ್ತಾರೋ ನಂಗೇನಯ್ಯಾ ಗೊತ್ತು?"

ಅದು ನಿಜ. ಗೂಟಗಳ ಮೇಲೆ ಹೆಸರಿಲ್ಲ. ಹಿರಿತನದ ಸಾಲು, ಮೊದಲ ಗೂಟ ಎಲ್ಲರಿಗಿಂತ ಹಿರಿಯರದು; ಅದು ಗೊತ್ತಿರುವುದು ಬಿಷಪ್ಪರಿಗೆ ಮತ್ತು ನನಗೆ.

ಮರಳಿ ಬಂದಾಗ ಕ್ರಿಸ್ಪಿನ್ ಹರಿದ ನಿಲುವಂಗಿಯನ್ನೇ ತೊಡಲು ಹೆಣಗುತ್ತಿದ್ದರು. ಅವರು ದೀಪದ ಕಂಬದಷ್ಟು ಎತ್ತರ. ಅದು ಮೊಣಕಾಲಿಗೇ ನಿಂತಿತ್ತು.

ಆಗ ನನಗೆ ಹೊಳೆಯಿತು. ಭಯದಲ್ಲಿ ಇಬ್ಬರೂ ಮರೆತಿದ್ದೆವು. ಎಲ್ಲರಿಗಿಂತ ಹಿರಿಯರು ಕಳೆದ ವಾರ ನಿವೃತ್ತರಾದ್ದರಿಂದ, ನಿನ್ನೆ ಎಲ್ಲರೂ ಒಂದೊಂದು ಗೂಟ ಮುಂದೆ ಸರಿದಿದ್ದರು. ಕ್ರಿಸ್ಪಿನ್ ಅವರದು ಈಗ ಮೂರನೆಯದು. ಅವರ ನಿಲುವಂಗಿ ಅಲ್ಲೇ ಭದ್ರವಾಗಿತ್ತು. ಇರಿದದ್ದು ಒಬ್ಬ ಕುಳ್ಳ ಬಿಷಪ್ಪರದನ್ನು.

\* \* \*

ಕಳೆದ ವಾರ ನಿವೃತ್ತರಾದ ಆ ಹಿರಿಯ ಬಿಷಪ್ ಸೆಪ್ಟಿಮಸ್ ಈಗ ಬಿಷಪ್ಪರ ಸಾಲಿನಲ್ಲಿಲ್ಲ, ಸಾಮಾನ್ಯ ಲಾರ್ಡ್. ಮಾಮೂಲಿ ಕೋಟಿನಲ್ಲಿ ಚಹಾ ಕುಡಿಯುತ್ತಿದ್ದರು. ಬಿಷಪ್ ಕ್ರಿಸ್ಪಿನ್ ನಿಲುವಂಗಿಗೆ ಏನೂ ಆಗಿಲ್ಲ, ಯಾರೋ ತಪ್ಪಿ ಬೇರೆಯವರದನ್ನು ಚುಚ್ಚಿದ್ದಾರೆ ಎಂದೆ.

"ಹೇಗೆ ಸಾಧ್ಯ? ನಾಲ್ಕನೇ ಗೂಟ ಅವನದೇ ಅಲ್ವಾ?"

"ಗೂಟದ ಮಾತು ನಾನು ಎತ್ತಲೇ ಇಲ್ವಲ್ಲ, ಸ್ವಾಮಿ."

ಅವರು ಬಟ್ಟಲನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದರು.

ಉಳಿದ ಬಿಷಪ್ಪರೆಲ್ಲ ನಿನ್ನೆ ತಾವೇ ಹೊಸ ಗೂಟಕ್ಕೆ ಸರಿದವರು. ಹಳೆಯ ಸಾಲು ಗೊತ್ತಿದ್ದು ಹೊಸದು ಗೊತ್ತಿಲ್ಲದವರು ಇವರೊಬ್ಬರೇ. ಕ್ರಿಸ್ಪಿನ್ ಓದಲಿದ್ದ, ಹಾರೋಮೂರಿನಲ್ಲಿ 'ಮಕ್ಕಳು ಕ್ಷೇಮ' ಎಂದು ಬರೆದ ವರದಿಯ ಕೆಳಗಿದ್ದದ್ದು ಇವರ ಸಹಿ. ಹಿರಿಯರು ಹೋದಾಗಲೆಲ್ಲ ಸಾಲು ಸರಿಯುವುದನ್ನು ಇಪ್ಪತ್ತು ವರ್ಷ ನೋಡಿದ್ದರು. ತಾವು ಹೋದರೂ ಸರಿಯುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ಪೊಲೀಸರು ಅವರನ್ನು ಕರೆದೊಯ್ದರು.

ಮೂರು ಗಂಟೆಗೆ ಕ್ರಿಸ್ಪಿನ್ ಎದ್ದರು. ವರದಿಯನ್ನು ಬಿಚ್ಚಿ, ಮೇಲಿನ ಗ್ಯಾಲರಿಯತ್ತ ನೋಡಿದರು. ಅವರು ಮೊದಲು ಹೇಳಿದ್ದು ಆ ಹುಡುಗನ ಹೆಸರು.

ನಾನು ಸಿಂಹದಂತೆ ಬಾಗಿಲಲ್ಲಿ ನಿಂತಿದ್ದೆ. ಹಿಡಿಕೆ ಹಿಡಿದುಕೊಂಡಿದ್ದು ಬೀಳಬಾರದೆಂದು, ಅಷ್ಟೇ.