ಮುತ್ತವ್ವನ ರೊಟ್ಟಿ, ಏಜೆಂಟರ ಹೊಟ್ಟೆ

ನನ್ನ ನೆನಪಿಗೆ ತುಕ್ಕು ಹಿಡಿದಿದೆ ಎಂದು ಗ್ರೂಪಿನಲ್ಲಿ ಬರೆದವರು ಯಾರೆಂದು ನನಗೆ ಗೊತ್ತು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮಂದಿ ನೀವು. ಅಸುಂಡಿಯ ಚುನಾವಣೆಯ ಕತೆಯನ್ನು ನನಗೆ ತಿದ್ದಲು ಬರುತ್ತೀರಾ? ಇದನ್ನು ನಾನು ಅಶ್ಫಾಕನ ಬಾಯಿಂದಲೇ ಕೇಳಿದ್ದೇನೆ, ಅದೂ ಒಂದು ಸಲವಲ್ಲ. ನಡುವೆ ಬಾಯಿ ಹಾಕದೆ ಕೇಳಿ. ಕೇಳುವುದಕ್ಕೆ ಬೇಸರವಿದ್ದವರು ಈಗಲೇ ಫೋನು ಕೆಳಗಿಡಿ.

ಮತದಾನ ಮುಗಿದ ಮರುದಿನ, ಸೋಮವಾರ ಮುಂಜಾನೆ, ಅಶ್ಫಾಕ ಪದ್ಮಾಬಾಯಿಯವರ ಮನೆಯ ಕಟ್ಟೆಯ ಮೇಲೆ ಗೋಡೆಗೊರಗಿ ಗಂಜಿ ಕುಡಿಯುತ್ತಿದ್ದ. ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ಊರ ಬಾಗಿಲಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಈ ಮನುಷ್ಯ ಪದ್ಮಾಬಾಯಿಯವರಿಗೆ ಕಾಲು, ಕಣ್ಣು, ಮೋಟರ್ ಸೈಕಲ್ಲು ಎಲ್ಲವೂ ಆಗಿದ್ದ. ಬಾಯಿಯವರು ಗದಗಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿ ಊರಿಗೆ ಮರಳಿದವರು. ಜೀವಮಾನವಿಡೀ ಸಾಕ್ಷಿಗಳ ಸುಳ್ಳು ಕೇಳಿ ಅವರ ಕಿವಿ ಹದವಾಗಿತ್ತು. ಡಂಬಳದಲ್ಲಿ ಎತ್ತು ಕದ್ದವನನ್ನೂ ಹರ್ತಿಯಲ್ಲಿ ಬಾವಿಗೆ ಎಣ್ಣೆ ಸುರಿದವನನ್ನೂ ಹಿಡಿದುಕೊಟ್ಟವರು ಅವರೇ. ಆ ಎರಡೂ ಸಲ ಹಿಂದಿನ ಸೀಟಿನಲ್ಲಿ ಅವರು, ಮುಂದೆ ಅಶ್ಫಾಕ.

ಮುತ್ತವ್ವ ಬಂದವಳು ಕಟ್ಟೆ ಏರಲಿಲ್ಲ, ಅಂಗಳದಲ್ಲೇ ನಿಂತಳು.

"ಬಾಯಾರ, ನಾ ಇಷ್ಟು ವರ್ಷ ಮಂದಿಗೆ ಅನ್ನ ಹಾಕಿ ಬದುಕಿದಾಕಿ. ಇವತ್ತು ನನ್ನ ಕೈಯಾಗಿನ ನೀರು ಯಾರೂ ಕುಡೀವಲ್ಲರು."

"ಮೇಲೆ ಬಂದು ಕುಂಡ್ರು. ಮೊದಲು ಅಳೂದು ಮುಗಿಸು, ಆಮ್ಯಾಲ ಮಾತು."

ಅವಳು ಅಳಲೇ ಇಲ್ಲ. ನೇರವಾಗಿ ಹೇಳಿದಳು. ಮುತ್ತವ್ವ ರೊಟ್ಟಿ ಕೇಂದ್ರ ನಡೆಸುತ್ತಿದ್ದ ಹೆಂಗಸು; ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಖಾನಾವಳಿಗಳಿಗೆ ಅವಳ ಖಡಕ್ ರೊಟ್ಟಿ ಹೋಗುತ್ತಿತ್ತು. ಪಂಚಾಯ್ತಿಯಲ್ಲಿ ಅವರ ವಾರ್ಡಿನ ಸೀಟು ಈ ಸಲ ಹೆಂಗಸರಿಗೆ ಮೀಸಲು. ಒಂದು ಕಡೆ ಮುತ್ತವ್ವನ ಒಡಹುಟ್ಟಿದ ಅಕ್ಕ ರಾಮವ್ವ, ಇನ್ನೊಂದು ಕಡೆ ವಿದ್ಯಾಶ್ರೀ. ಓಣಿಗೆ ನಳ ಬರಲಿ ಎಂದು ಒಬ್ಬಳೇ ಪಂಚಾಯ್ತಿ ಬಾಗಿಲಲ್ಲಿ ಧರಣಿ ಕುಳಿತಿದ್ದ ಹುಡುಗಿ ಅವಳು. ಮುತ್ತವ್ವ ಅಕ್ಕನನ್ನು ಬಿಟ್ಟು ವಿದ್ಯಾಶ್ರೀಯ ಬೆನ್ನಿಗೆ ನಿಂತಳು. ಪ್ರಚಾರಕ್ಕೆ ಬಂದವರಿಗೆಲ್ಲ ತಾನೇ ಅಡುಗೆ ಮಾಡಿ ಬಡಿಸಿದಳು. ಶನಿವಾರ ಸಂಜೆಯೂ ವಿದ್ಯಾಶ್ರೀಯ ಹಿತ್ತಲಲ್ಲಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮೊಸರು ಬಡಿಸಿದ್ದಳು. ರವಿವಾರ ಬೆಳಕು ಹರಿಯುವಷ್ಟರಲ್ಲಿ ಬೂತಿನಲ್ಲಿ ಕೂರಬೇಕಿದ್ದ ವಿದ್ಯಾಶ್ರೀಯ ಏಜೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದರು: ಚನ್ನಬಸವಣ್ಣ, ಹನಮಂತ, ಅಶ್ಫಾಕ. ಇಬ್ಬರನ್ನು ಗದಗಿಗೆ ಒಯ್ದು ಸಲಾಯಿನ್ ಹಚ್ಚಬೇಕಾಯಿತು. ಹನಮಂತ ಮಾತ್ರ ದವಾಖಾನೆ ಬೇಡವೆಂದು ಮನೆಯಲ್ಲೇ ಉಳಿದ.

ಏಜೆಂಟನೆಂದರೆ ಮುಖ ಗುರುತಿಸುವವನು. ಗೋವಾಕ್ಕೆ ದುಡಿಯಲು ಹೋದವನ ಹೆಸರಿನಲ್ಲಿ ಇನ್ನೊಬ್ಬ ಬಂದರೆ "ಇಂವ ಅಂವಲ್ಲ" ಎನ್ನುವವನು. ಅವನಿಲ್ಲದ ಬೂತು ಬಾಗಿಲಿಲ್ಲದ ಮನೆಯಿದ್ದಂತೆ. ಯಾರು ಬೇಕಾದರೂ ಹೊಕ್ಕು ಹೊರಬಂದರು.

"ಅಕ್ಕನ ಸಲುವಾಗಿ ನಾ ಊಟದಾಗ ಔಷಧ ಹಾಕೀನಂತ," ಎಂದಳು ಮುತ್ತವ್ವ. "ಯಾರೋ ಫೋನಿನಾಗ ಮಾತಾಡಿ ಗ್ರೂಪಿಗೆ ಬಿಟ್ಟಾರ. ಮುತ್ತವ್ವನ ರೊಟ್ಟಿ ತಿನಬ್ಯಾಡ್ರಿ ಅಂತ. ಮುಂಡರಗಿ ಗಾಡಿ ಬಂದದ್ದು ಬಾಗಲಾಗಿಂದ ಹೊಳ್ಳಿ ಹೋತು. ಬುಧವಾರ ಎಣಿಕಿ ಶುರು ಆಗೂದ್ರಾಗ ಚನ್ನಬಸವಣ್ಣಾರು ಠಾಣೆಕ್ಕ ಅರ್ಜಿ ಕೊಡ್ತಾರಂತ."

"ಅದs ಅಡಗಿ ಮತ್ಯಾರ್ಯಾರು ಉಂಡ್ರು?"

"ವಿದ್ಯಾಶ್ರೀ ಉಂಡಾಳ, ಹೆಣ್ಮಕ್ಕಳು ಉಂಡಾರ, ಹುಡುಗ್ರು ಬೋಗಾಣಿ ಬಳದು ತಿಂದಾವ. ಯಾರಿಗೂ ಏನೂ ಆಗಿಲ್ಲ. ಗಂಡಸರ ತಾಟಿಗೆ ಬೇಕಂತ ಹಾಕ್ದಿ ಅಂತಾರ. ಒಬ್ಬೊಬ್ಬರಿಗೂ ಕೇಳಿ ಕೇಳಿ ಬಡಿಸೀನಿ ಬಾಯಾರ. ಶನಿವಾರ ಒಪ್ಪತ್ತು ಇದ್ದವರಿಗಂತ ಅವಲಕ್ಕಿನೂ ಬ್ಯಾರೆ ಹಚ್ಚಿಟ್ಟಿದ್ದೆ, ಅದು ಹಂಗs ಉಳೀತು."

ಪದ್ಮಾಬಾಯಿಯವರು ಅಶ್ಫಾಕನ ಕಡೆ ತಿರುಗಿ, ಶನಿವಾರ ಏನೇನು ತಿಂದೆ, ಒಂದನ್ನೂ ಬಿಡದೆ ಹೇಳು ಎಂದರು. ಮುಂಜಾನೆಯ ಚಹಾದಿಂದ ಹಿಡಿದು ಊಟದ ನಂತರದ ಎಲೆ ಅಡಿಕೆಯವರೆಗೆ ಅವನು ಒಪ್ಪಿಸಿದ. ಅಶ್ಫಾಕ ಗಂಜಿಯ ಲೋಟದೊಳಗೆ ಮುಖ ಹುದುಗಿಸಿದ. ಅವನೊಂದು ಮಾತು ನುಂಗಿದ್ದ.

ಮಧ್ಯಾಹ್ನ ಇಬ್ಬರೂ ಹೊರಟರು. ಚನ್ನಬಸವಣ್ಣನ ಅಂಗಳದಲ್ಲಿ ಹೆಜ್ಜೆ ಇಡಲು ಜಾಗವಿರಲಿಲ್ಲ. ಹಗ್ಗದ ಮೇಲೆ, ಬೇಲಿಯ ಮೇಲೆ, ಬಂಡಿಯ ಮೂಕಿಯ ಮೇಲೆ ಎಲ್ಲೆಲ್ಲೂ ತೊಳೆದು ಹಾಕಿದ ಕೌದಿ, ಧೋತರ. ಊರಿಗೆ ಹಿರಿಯ ಮನುಷ್ಯ. ವಿದ್ಯಾಶ್ರೀಯನ್ನು ನಿಲ್ಲಿಸಿದವನೇ ಅವನು. ಹೊರಸಿನ ಮೇಲೆ ಮಲಗಿಕೊಂಡೇ, ಮುತ್ತವ್ವನನ್ನು ಬಿಡುವುದಿಲ್ಲ ಎಂದು ಗುಡುಗಿದ. ನಡುವೆ ಒಮ್ಮೆ ಚೊಂಬು ಹಿಡಿದು ಓಡಿಯೂ ಬಂದ. ಮಾತಾಡುವಾಗ ಅಶ್ಫಾಕನತ್ತ ಒಂದು ನೋಟ ಬೀರಿದ. ಅಶ್ಫಾಕ ನೆಲ ನೋಡಿದ.

ಹನಮಂತನ ಮನೆ ಎರಡು ಓಣಿ ಆಚೆ. ಹಗ್ಗದ ಮೇಲೆ ಹೆಂಡತಿ ಶಿವಲಕ್ಷ್ಮಿಯ ಒಂದು ಸೀರೆ, ಅಷ್ಟೇ. ಹನಮಂತ ಕಂಬಳಿ ಹೊದ್ದು ನರಳುತ್ತಿದ್ದ. ಯಾವ ಚುನಾವಣೆ ಬಂದರೂ ಧ್ವಜ ಹೊತ್ತು ಮುಂದೆ ನಡೆಯುವವನು, ಗಂಟಲು ಹರಿಯುವಂತೆ ಜೈ ಎನ್ನುವವನು. ಎಣ್ಣೆಗಾಯಿ ಬಾಯಿಗಿಟ್ಟ ಕೂಡಲೇ ತನಗೆ ಸಂಶಯ ಬಂದಿತ್ತು ಎಂದ.

"ಕಹಿ ಇತ್ತು ಬಾಯಾರ. ಆದ್ರೂ ಮುತ್ತವ್ವ ಬೇಜಾರು ಮಾಡ್ಕೊಂತಾಳಂತ ಉಂಡೆ. ಒಳ್ಳೇತನಕ್ಕ ಕಾಲ ಇಲ್ಲ ನೋಡ್ರಿ."

"ರೊಟ್ಟಿ?"

"ಅದೂ ತಿಂದೆ."

ಬಾಯಿಯವರು ಹುಷಾರಾಗಿರಲು ಹೇಳಿ ಎದ್ದರು. ಮೋಟರ್ ಸೈಕಲ್ ಮುತ್ತವ್ವನ ಮನೆಯ ಮುಂದೆ ಬಂದಾಗ ನಿಲ್ಲಿಸಲು ಹೇಳಿದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳವಿಲ್ಲ. ಅಸುಂಡಿಯಲ್ಲಿ ಆ ಸಪ್ಪಳ ಇಲ್ಲದ ಮಧ್ಯಾಹ್ನವನ್ನು ಅಶ್ಫಾಕ ಕಂಡಿರಲಿಲ್ಲ. ಪಡಸಾಲೆಯಲ್ಲಿ ಕಂಬದೆತ್ತರ ಪೇರಿಸಿಟ್ಟ ರೊಟ್ಟಿಗಳಿದ್ದವು. ಮುತ್ತವ್ವ ಅವುಗಳನ್ನು ಮುರಿದು ಮುರಿದು ಎಮ್ಮೆಯ ಕಲಗಚ್ಚಿಗೆ ಹಾಕುತ್ತಿದ್ದಳು.

ಅಶ್ಫಾಕನಿಗೆ ತಡೆಯಲಾಗಲಿಲ್ಲ. "ಬಾಯಾರ, ನಾ ಒಂದು ಹೇಳಿಲ್ಲ. ಆಣಿ ಮಾಡೀನಿ. ಹೇಳಿದ್ರ ಮುರೀತೈತಿ."

"ಆಣಿ ಯಾರ ಸಲುವಾಗಿ ಮಾಡ್ದಿ?"

"ವಿದ್ಯಾಶ್ರೀಗೆ ಕೈ ಕೊಡಂಗಿಲ್ಲ ಅಂತ."

"ಹಂಗಾರ ಮುತ್ತವ್ವನ ಕುತ್ತಿಗಿ ಹಿಚಕ್ತೀನಂತ ಮಾಡಿಲ್ಲಲ್ಲ. ಹೇಳು."

ಅವನು ಹೇಳಿದ. ಅವರು ಪೂರ್ತಿ ಕೇಳಿ, ಮರುದಿನ ಸಂಜೆ ಎಲ್ಲರನ್ನೂ ಹಣಮಪ್ಪನ ಗುಡಿಗೆ ಕರೆದು ತರಲು ಹೇಳಿದರು. ಹೆಂಗಸರೂ ಬರಲಿ, ಹನಮಂತನನ್ನು ಹೊರಸು ಸಮೇತ ಆದರೂ ಹೊತ್ತು ತರಲಿ ಎಂದರು.

ಮಂಗಳವಾರ ಸೂರ್ಯ ಮುಳುಗುವ ಮೊದಲೇ ಗುಡಿಯ ಕಟ್ಟೆ ತುಂಬಿತ್ತು. ಒಂದು ಬದಿಗೆ ವಿದ್ಯಾಶ್ರೀಯ ಕಡೆಯವರು, ಇನ್ನೊಂದು ಬದಿಗೆ ರಾಮವ್ವನ ಕಡೆಯವರು. ಮುತ್ತವ್ವ ಎರಡೂ ಕಡೆ ಸೇರದೆ ಬೇವಿನ ಮರದ ಬುಡದಲ್ಲಿ ನಿಂತಿದ್ದಳು. ಚನ್ನಬಸವಣ್ಣನ ಅಂಗಿಯ ಜೇಬಿನಿಂದ ಠಾಣೆಗೆ ಕೊಡುವ ಅರ್ಜಿ ಇಣುಕುತ್ತಿತ್ತು. ಯಾರೋ ಒಬ್ಬ, ರಾಮವ್ವನ ತಂಗಿಗೆ ಹಾರ ತಂದಿಲ್ಲವೇ ಎಂದು ಕೆಣಕಿದ.

ಪದ್ಮಾಬಾಯಿಯವರು ಸ್ಟೀಲಿನ ಡಬ್ಬಿ ತೆರೆದರು. ಒಳಗೆ ಪುಠಾಣಿ, ಬೆಲ್ಲ ಕುಟ್ಟಿದ ಪುಡಿ.

"ಮಾತಿಗೆ ಮೊದಲು ದೇವರ ಪ್ರಸಾದ. ಶನಿವಾರದ್ದು ಗುಡ್ಯಾಗ ಉಳದಿತ್ತು, ಪೂಜಾರಿ ಕಡಿಂದ ಇಸಗೊಂಡೀನಿ. ಅವತ್ತು ಆಣಿ ಮಾಡಿದವರು ಮೊದಲು ತಗೋರಿ."

ಚನ್ನಬಸವಣ್ಣ ಸಿಟ್ಟಿನಿಂದ ಅಶ್ಫಾಕನನ್ನು ನೋಡಿದ. ಗುಟ್ಟು ಹೊರಬಿದ್ದಿತ್ತು. ಆದರೂ ಗುಡಿಯ ಮುಂದೆ ಜಗಳ ಬೇಡವೆಂದು ಚಿಟಿಕೆ ತೆಗೆದುಕೊಂಡು ಹಣೆಗೊತ್ತಿ ಬಾಯಿಗೆ ಹಾಕಿಕೊಂಡ. ಡಬ್ಬಿ ಅಶ್ಫಾಕನ ಮುಂದೆ ಬಂತು. ತಾನು ನಿನ್ನೆ ಏನು ಹೇಳಿದ್ದೆನೆಂದು ಅವನಿಗೆ ಗೊತ್ತಿತ್ತು, ಬಾಯಿಯವರಿಗೂ ಗೊತ್ತಿತ್ತು. ಅವನು ಅವರ ಕಣ್ಣು ನೋಡಿದ. ಅವು ರೆಪ್ಪೆ ಬಡಿಯಲಿಲ್ಲ. ಅವನು ತೆಗೆದುಕೊಂಡು ತಿಂದ.

ಮೂರನೆಯವನು ಹನಮಂತ. ತೆಗೆದುಕೊಂಡ, ಕಣ್ಣಿಗೊತ್ತಿಕೊಂಡ, ಹೆಗಲ ಮೇಲಿನ ವಸ್ತ್ರದ ಅಂಚಿಗೆ ಗಂಟು ಕಟ್ಟಿದ.

"ಯಾಕ ಹನಮಂತ?"

"ಹೊಟ್ಟಿ ಸರಿ ಇಲ್ರಿ. ಮನ್ಯಾಗ ತಿಂತೀನಿ."

"ಚನ್ನಬಸವಣ್ಣಾರದೂ ಸರಿ ಇಲ್ಲ, ಅವರು ತಿಂದ್ರು. ಚಿಟಿಕಿ ಪ್ರಸಾದ. ಹಣಮಪ್ಪನ ಮುಂದನ ಕುಂತೀದಿ. ಹಾಕ್ಕೋ ಬಾಯಾಗ."

ಹನಮಂತ ಅಲುಗಲಿಲ್ಲ. ಪಕ್ಕದಲ್ಲಿದ್ದ ಶಿವಲಕ್ಷ್ಮಿ ಗಂಡನ ಮುಖ ನೋಡುತ್ತಿದ್ದಳು. ಗಂಟಿನ ಮೇಲಿದ್ದ ಅವನ ಬೆರಳುಗಳು ಅದನ್ನು ಇನ್ನೂ ಬಿಗಿ ಮಾಡಿದವು.

ಪದ್ಮಾಬಾಯಿಯವರು ಡಬ್ಬಿಯಿಂದ ಒಂದು ಹಿಡಿ ತೆಗೆದು ತಾವೇ ಬಾಯಿಗೆ ಹಾಕಿಕೊಂಡು ಅಗಿದರು. "ಶನಿವಾರದ್ದಲ್ಲ ಇದು. ನಮ್ಮ ಮನ್ಯಾಗ ನಾನs ಕುಟ್ಟೀನಿ," ಎಂದು ಹೇಳಿ, ಕೋರ್ಟಿನಲ್ಲಿ ಓದುವವರ ಹಾಗೆ ಒಂದೊಂದೇ ಬಿಡಿಸತೊಡಗಿದರು.

ಊಟದಲ್ಲಿ ಔಷಧವಿದ್ದರೆ ಬೋಗಾಣಿ ಬಳಿದ ಹುಡುಗರು ಓಡಾಡಿಕೊಂಡು ಇರುತ್ತಿರಲಿಲ್ಲ. ಹಾಗಾದರೆ ಬಿದ್ದವರು ಮಾತ್ರ ತಿಂದದ್ದು ಏನು? ಕೇಳಿದರೆ ಎಲ್ಲರೂ ರೊಟ್ಟಿ, ಪಲ್ಯ, ಚಹಾ, ಎಲೆ ಅಡಿಕೆ ಎನ್ನುತ್ತಿದ್ದರು. ಶನಿವಾರ ಊಟಕ್ಕೆ ಮೊದಲು ಏಜೆಂಟರು ಮೂವರೇ ಈ ಗುಡಿಗೆ ಬಂದು, ಕೈ ಕೊಡುವುದಿಲ್ಲವೆಂದು ಆಣೆ ಮಾಡಿ, ಪ್ರಸಾದ ತಿಂದಿದ್ದರು. ಅದನ್ನು ಒಬ್ಬರೂ ಹೇಳಲಿಲ್ಲ. ಅರ್ಧ ಕಾರಣ, ಆಣೆಯ ವಿಷಯ ಹೊರಗೆ ಹೇಳಬಾರದು. ಇನ್ನರ್ಧ ಕಾರಣ, ನಮ್ಮ ಕಡೆ ಪ್ರಸಾದವನ್ನು ಯಾರೂ ತಿಂದದ್ದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪವಾಸ ಇದ್ದವನೂ ಪ್ರಸಾದ ತಿಂದು ಉಪವಾಸವೇ ಇರುತ್ತಾನೆ.

"ಆ ಪ್ರಸಾದ ತಂದಾಂವ ಹನಮಂತ," ಎಂದರು. "ಗುಟ್ಟಾಗಿ ಇರಲಿ ಅಂದಾಂವನೂ ಅವನs. ಅವತ್ತೂ ತನ್ನ ಪಾಲು ವಸ್ತ್ರದಾಗ ಕಟ್ಟಿದ್ದಾ, ಅಶ್ಫಾಕ ಕಣ್ಣಾರೆ ನೋಡ್ಯಾನ."

ಮನೆಯಲ್ಲಿರುವ ಮುದುಕಿ ತಾಯಿಗೆಂದು ಕಟ್ಟಿದ್ದೆ ಎಂದು ಹನಮಂತ ತೊದಲಿದ. ತನಗೂ ಭೇದಿ ಆಗಿತ್ತಲ್ಲ, ಎಣ್ಣೆಗಾಯಿ ತಿಂದೇ ಆದದ್ದು ಎಂದ.

"ಮುತ್ತವ್ವ, ಶನಿವಾರ ಅವಲಕ್ಕಿ ಯಾರ ಸಲುವಾಗಿ ಹಚ್ಚಿದ್ದಿ?"

"ಇವರ ಸಲುವಾಗೇ," ಎಂದಳು ಮುತ್ತವ್ವ. "ಹನಮಂತಣ್ಣ ಶನಿವಾರ ಒಪ್ಪತ್ತು. ಸಂಜೀಕ ರೊಟ್ಟಿ ಮುಟ್ಟಂಗಿಲ್ಲ. ಅವತ್ತು ಊಟದ ಹೊತ್ತಿನ್ಯಾಗ ಮನಿಗೆ ಹೋಗಿಬಿಟ್ಟಿದ್ರು."

ಪದ್ಮಾಬಾಯಿಯವರು ಶಿವಲಕ್ಷ್ಮಿಯ ಕಡೆ ತಿರುಗಿದರು. ಶನಿವಾರ ಸಂಜೆ ನಿನ್ನ ಗಂಡ ಎಂದಾದರೂ ರೊಟ್ಟಿ ತಿಂದಿದ್ದನ್ನು ಕಂಡಿದ್ದೀಯಾ ಎಂದು ಕೇಳಿದರು. ಲಗ್ನವಾದಾಗಿನಿಂದ ಇಲ್ಲ ಎಂದಳು ಅವಳು. ತಿನ್ನದ ಎಣ್ಣೆಗಾಯಿ ಹೇಗೆ ಕಹಿಯಾಯಿತು, ಭೇದಿಯಾದವನ ಮನೆಯ ಹಗ್ಗದ ಮೇಲೆ ತೊಳೆದ ಒಂದು ಧೋತರವೂ ಯಾಕಿರಲಿಲ್ಲ ಎಂದು ಬಾಯಿಯವರು ಕೇಳಿದರು.

ಹನಮಂತ ಚನ್ನಬಸವಣ್ಣನ ಕಡೆ ನೋಡಿ ಹೇಳಿದ. "ಮೀಸಿ ಬಂದಾಗಿಂದ ನಿಮ್ಮ ಧ್ವಜ ಹೊತ್ತೀನಿ. ಯಾರ್ಯಾರನ್ನೋ ಹೆಗಲ ಮ್ಯಾಲೆ ಕುಂಡ್ರಿಸಿ ಕುಣದೀನಿ. ಹೆಣ್ಮಕ್ಕಳ ಸೀಟು ಬಂತು, ನಮ್ಮನಿಯಾಕೀನ್ನ ನಿಲ್ಲಸ್ರಿ ಅಂದ್ರ ನಕ್ಕಬಿಟ್ರಿ. ಸೋಲ್ರಿ ಒಮ್ಮೆ, ನಾ ಇಲ್ಲದ ಹೆಂಗ ಗೆಲ್ತೀರಿ ನೋಡೋಣ ಅನಿಸ್ತು, ಪ್ರಸಾದದಾಗ ಭೇದಿ ಔಷಧ ಕಲಿಸಿದೆ."

ಚನ್ನಬಸವಣ್ಣ ತಲೆ ತಗ್ಗಿಸಿದ. ಅವನು ನಕ್ಕಿದ್ದು ಖರೆ.

ಶಿವಲಕ್ಷ್ಮಿ ಎದ್ದು ನಿಂತಳು. "ನನ್ನ ನಿಲ್ಲಸಂತ ನಾ ಯಾವತ್ತರ ಕೇಳಿದ್ನೇನು? ನಿನ್ನ ಸಿಟ್ಟಿಗೆ ನನ್ನ ಹೆಸರು ಯಾಕ ಹಚ್ತಿ? ಆ ಫೋನಿನ್ಯಾಗ ಮಾತಾಡಿ ಬಿಟ್ಟಾಂವನೂ ನೀನs. ದನದ ಮನ್ಯಾಗ ನಿಂತು ಮಾತಾಡೂದು ನಾ ಕೇಳೀನಿ. ಕೇಳಿ ಸುಮ್ಮನಿದ್ದೆ. ಇನ್ನ ಇರಂಗಿಲ್ಲ."

ಅವಳು ಬೇವಿನ ಮರದ ಕಡೆ ನಡೆದು ಮುತ್ತವ್ವನ ಪಕ್ಕ ನಿಂತಳು. ರಾಮವ್ವನೂ ಎದ್ದು ಬಂದಳು. ತಂಗಿ ತನ್ನ ಪರವಾಗಿ ಮಾಡಿದಳೆಂದು ಊರು ಅಂದಾಗ ತಾನೂ ಸುಮ್ಮನಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಗಿರಬೇಕು. ತಂಗಿಯ ಕೈ ಹಿಡಿದಳು. ಮುತ್ತವ್ವ ಬಿಡಿಸಿಕೊಳ್ಳಲೂ ಇಲ್ಲ, ತಾನು ಹಿಡಿಯಲೂ ಇಲ್ಲ. ಚನ್ನಬಸವಣ್ಣ ಜೇಬಿನ ಅರ್ಜಿ ಹರಿದು, ಹೆಸರು ಬದಲಿಸಿ ಇನ್ನೊಂದು ಬರೆಯಬೇಕು ಎಂದ. ಅಶ್ಫಾಕನಿಗೆ ಆಣೆ ಮುರಿದವನೆಂದು ಬಯ್ಯಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ.

ಬುಧವಾರ ಎಣಿಕೆಯಾಯಿತು. ವಿದ್ಯಾಶ್ರೀ ಸೋತಳು. ಗೋವಾದಲ್ಲಿದ್ದವರೂ ಅಸುಂಡಿಯಲ್ಲಿ ಓಟು ಹಾಕಿದ್ದರಲ್ಲ. ಅದರ ಮೇಲೆ ಅವಳು ತಕರಾರು ಹಾಕಿದಳು, ಅದು ಬೇರೆ ಕತೆ. ಎಣಿಕೆಯಿಂದ ಮರಳುವಾಗ ಅವಳು ಮೊದಲು ಹೋದದ್ದು ಮುತ್ತವ್ವನ ಮನೆಗೆ. ಇಬ್ಬರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ಉಂಡರು. ಅಸುಂಡಿಯವರೂ ಒಬ್ಬೊಬ್ಬರಾಗಿ ಬಂದರು. ಹೊರಗಿನ ಖಾನಾವಳಿಗಳ ಗಾಡಿಗಳು ಮಾತ್ರ ಬರಲಿಲ್ಲ. ಅಲ್ಲಿಯವರಿಗೆ ಸುಳ್ಳು ಮುಟ್ಟಿತ್ತು, ಖರೆ ಮುಟ್ಟಿರಲಿಲ್ಲ.

ಅದಕ್ಕೇ ಇಷ್ಟು ಹೊತ್ತು ಗಂಟಲು ಹರಿದುಕೊಂಡೆ. ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ನಿಮ್ಮ ಬೀಗರಿದ್ದಾರೆ, ಗೆಳೆಯರಿದ್ದಾರೆ. ಹನಮಂತನ ಮಾತನ್ನು ಯೋಚಿಸದೆ ದಾಟಿಸಿದ ಬೆರಳು ನಿಮ್ಮವೂ ಇರಬಹುದು. ಅದೇ ಬೆರಳಿನಿಂದ ಇದನ್ನೂ ದಾಟಿಸಿ. ಉದ್ದವಾಯಿತೆಂದು ನಡುವೆ ಕತ್ತರಿಸಬೇಡಿ, ಮುತ್ತವ್ವನ ಹೆಸರು ಬರುವಲ್ಲಿಯಂತೂ ಬೇಡವೇ ಬೇಡ.