ಚೀಲದ ಎರಡು ಕಿವಿ

ಬೆಟಗೇರಿಯ ಸಾವಂತ್ರೆವ್ವನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಆಟೋ ಫಕೀರೇಶನಿಗೆ, ಓಣಿಯಲ್ಲಿ ಅಳುತ್ತ ಬರುತ್ತಿದ್ದ ಅನುರಾಧಾ ಕಂಡಳು. ಆ ಮನೆಗೆ ಜನ ಅಳುತ್ತ ಬರುವುದು ಅವನಿಗೆ ಹೊಸದಾಗಿರಲಿಲ್ಲ. ನೇಕಾರರ ಸಂಘದಲ್ಲಿ ಮೂವತ್ತು ವರ್ಷ ಸೀರೆ ತಪಾಸಣೆ ಮಾಡಿದ್ದ ಸಾವಂತ್ರೆವ್ವ, ಹದಿನೆಂಟು ಮೊಳದ ಸೀರೆಯಲ್ಲಿ ತಪ್ಪಿದ ಒಂದೆಳೆಯನ್ನು ಹಿಡಿಯುತ್ತಿದ್ದ ಕಣ್ಣಿನಿಂದಲೇ ಈಗ ಊರಿನ ಕಳ್ಳರನ್ನು ಹಿಡಿಯುತ್ತಿದ್ದಳು. ಅವಳನ್ನು ಮುಂಡರಗಿ, ಲಕ್ಷ್ಮೇಶ್ವರ ಎನ್ನದೆ ತಿರುಗಿಸುತ್ತಿದ್ದವನು ಶಿರಹಟ್ಟಿಯ ಈ ಫಕೀರೇಶ.

“ಆಯಿ, ನನ್ನ ಕಳ್ಳಿ ಅಂದ್ರು. ನಾಳೆ ಸಂಜಿಗೆ ಪೊಲೀಸರಿಗೆ ಕೊಡ್ತಾರಂತ,” ಎಂದಳು ಅನುರಾಧಾ.

“ಕುಂಡ್ರವಾ. ಮೊದಲ ನೀರು ಕುಡಿ. ಆಮ್ಯಾಲ ಹೇಳು.”

ಅವಳು ಹೇಳಿದ್ದು ಇಷ್ಟು. ಅವಳಿಗೆ ಗದುಗಿನಲ್ಲಿ ಚನ್ನಬಸವಣ್ಣನವರ ಕಂಪ್ಯೂಟರ್ ಸಗಟು ಅಂಗಡಿಯಲ್ಲಿ ಕೆಲಸ. ಪರದೆಯ ಬೆನ್ನಲ್ಲೇ ಇಡೀ ಯಂತ್ರ ಅಡಗಿರುವ ಹೊಸ ಆಲ್-ಇನ್-ಒನ್ ಕಂಪ್ಯೂಟರ್ ಒಂದು ಮಾರುಕಟ್ಟೆಗೆ ಬರುವುದಿತ್ತು. ಪರದೆ ಎಷ್ಟು ಇಂಚು, ಬೆಲೆ ಎಷ್ಟು ಎಂದು ಮೊದಲೇ ಎಲ್ಲರಿಗಿಂತ ಹತ್ತಿರ ಹೇಳಿದವರಿಗೆ ತಾಲೂಕುಗಳ ಏಜೆನ್ಸಿ ಕೊಡುವುದಾಗಿ ಚನ್ನಬಸವಣ್ಣ ಸ್ಪರ್ಧೆ ಹೂಡಿದ.

ಸ್ಪರ್ಧಿಗಳು ಮೂವರು. ಬೆಟಗೇರಿಯ ಸುನೀಲನಿಗೆ ಯೂಟ್ಯೂಬ್ ಚಾನೆಲ್ ಇತ್ತು. ಟಚ್ ಪರದೆ ಬರಬಹುದು, ಬಾರದೆಯೂ ಇರಬಹುದು ಎಂದು ಅರ್ಧ ತಾಸು ಹೇಳುವುದೇ ಅವನ ವಿದ್ಯೆ. ಲಕ್ಷ್ಮೇಶ್ವರದ ಶಿವಯೋಗಿ ಕಾಳಿನ ವ್ಯಾಪಾರ ಬಿಟ್ಟು ಎರಡು ವರ್ಷದ ಹಿಂದೆ ಕಂಪ್ಯೂಟರ್ ಅಂಗಡಿ ತೆರೆದಿದ್ದ. ಮೂರನೆಯವನು ಹಿರೇವಡ್ಡಟ್ಟಿಯ ಮಹಾದೇವ, ಬಾಯಿಗೆ ಬಂದದ್ದೇ ಬೆಲೆ ಎನ್ನುವ ಆಸಾಮಿ. ಹಿಂದೆ ಭವಿಷ್ಯ ಹೇಳಲು ಗಿಳಿ ಚೀಟಿ ಎತ್ತಿಕೊಡುತ್ತಿತ್ತು, ಅದಕ್ಕಾದರೂ ಹಸಿವಿತ್ತು ಎಂದುಕೊಂಡ ಫಕೀರೇಶ.

ಮೂವರೂ ಅಂದಾಜನ್ನು ಪ್ರಿಂಟ್ ಮಾಡಿ ಕೊಟ್ಟರು. ಅನುರಾಧಾ ಮೂರು ಅರಿವೆಯ ಚೀಲ ಹೊಲಿದು, ಅವನ್ನು ಒಳಗಿಟ್ಟು ಬಾಯಿಯನ್ನೂ ಹೊಲಿದಳು. ಚನ್ನಬಸವಣ್ಣ ಬಾಯಿಗೆ ಅರಗು ಹಾಕಿ ಒಳಕೋಣೆಯಲ್ಲಿ ತೂಗುಹಾಕಿದ. ಹನ್ನೆರಡು ದಿನದ ಮೇಲೆ, ಬುಧವಾರ ಮಧ್ಯಾಹ್ನ, ಕಂಪನಿ ಬೆಲೆ ಸಾರಿತು: ಇಪ್ಪತ್ತೇಳು ಇಂಚು, ಎಂಬತ್ನಾಲ್ಕು ಸಾವಿರದ ಒಂಬೈನೂರಾ ತೊಂಬತ್ತು. ಗುರುವಾರ ಬೆಳಿಗ್ಗೆ ಎಲ್ಲರೆದುರು ಚೀಲಗಳ ಪಕ್ಕ ಕತ್ತರಿಸಿದರೆ, ಸುನೀಲನ ಚೀಟಿಯಲ್ಲಿ ಒಂದು ರೂಪಾಯಿ ಸಹ ಹೆಚ್ಚುಕಡಿಮೆ ಇಲ್ಲದೆ ಅದೇ ಬೆಲೆ!

ಆ ಬೆಲೆ ಕಂಪನಿಯಿಂದ ಮೊದಲೇ ಗುಟ್ಟಾಗಿ ಬಂದದ್ದು ಅನುರಾಧಾಳ ಕಂಪ್ಯೂಟರಿಗೆ ಮಾತ್ರ. ಸುನೀಲ ಅವಳ ಓಣಿಯವನೇ. ಇನ್ನೇನು ಬೇಕು, ಗುಟ್ಟು ಮಾರಿದವಳು ಅವಳೇ ಎಂದು ಸಾವುಕಾರ ಚನ್ನಬಸವಣ್ಣ ತೀರ್ಮಾನಿಸಿದ. ಸುನೀಲನನ್ನು ತೆಗೆದುಹಾಕಿದರೆ ಏಜೆನ್ಸಿ ಎಂಬತ್ತೆರಡು ಸಾವಿರ ಎಂದಿದ್ದ ಶಿವಯೋಗಿಗೆ.

“ಸುನೀಲ ಏನಂತಾನ?”

“ಮಾಲಿ ಹಾಕ್ಕೊಂಡು ವಿಡಿಯೋ ಮಾಡ್ಯಾನ್ರಿ ಆಯಿ. ಎಲ್ಲಾ ನನ್ನ ಲೆಕ್ಕಾಚಾರ ಅಂತಾನ. ನನ್ನ ಸಲುವಾಗಿ ಒಂದ ಮಾತು ಆಡವಲ್ಲ.”

ಆಟೋದಲ್ಲಿ ಗದುಗಿನ ಅಂಗಡಿಗೆ ಹೋಗಿ ಸಾವಂತ್ರೆವ್ವ ಚೀಲಗಳನ್ನು ಬಹಳ ಹೊತ್ತು ತಿರುವಿ ನೋಡಿದಳು. ಮೂರರ ಅರಗೂ ಬಿರಿದಿರಲಿಲ್ಲ. ಸುನೀಲನ ಚೀಲದ ತಳದ ಮೂಲೆಗಳನ್ನು ಅವಳು ಎರಡೆರಡು ಸಲ ಸವರಿದ್ದನ್ನು ಫಕೀರೇಶ ಕಂಡ. ಅಲ್ಲಿ ಅರಿವೆ ಬೆರಳುಗಾತ್ರ ಹೊರಚಾಚಿತ್ತು.

“ಬುಧವಾರ ಮಧ್ಯಾಹ್ನದ ಮ್ಯಾಲ ಒಳಗ ಯಾರು ಕುಂತಿದ್ರು?”

“ಮೂವರೂ ಒಬ್ಬೊಬ್ಬರಾಗಿ ಬಂದಿದ್ರು,” ಎಂದು ಚನ್ನಬಸವಣ್ಣ ಗೊಣಗಿದ. “ಸುನೀಲ ಚೀಲದ ವಿಡಿಯೋ ತೆಗೆದ. ಮಹಾದೇವ ಕೀಬೋರ್ಡ್ ರಿಪೇರಿ ಆಗೂತನ ಕುಂತಿದ್ದ. ಶಿವಯೋಗಿ ಹೊಸ ಪ್ರಿಂಟರ್ ಪರೀಕ್ಷಾ ಮಾಡಿದ. ಅದರಾಗೇನೈತಿ?”

ಅದೇ ಕೋಣೆಯ ಡ್ರಾದಲ್ಲಿ ಸೂಜಿ ದಾರ ಇನ್ನೂ ಬಿದ್ದಿತ್ತು. ಮರಳುವಾಗ ಲಾರಿಯೊಂದು ದಾರಿಗಡ್ಡ ನಿಂತು ಜೋಳದ ಚೀಲ ಇಳಿಸುತ್ತಿತ್ತು. ಹಮಾಲರು ಮೂಲೆಯಲ್ಲಿ ಹೊರಚಾಚಿದ ಕಿವಿ ಹಿಡಿದು ಚೀಲ ಎಳೆಯುತ್ತಿದ್ದರು. ಫಕೀರೇಶ ಹಾರ್ನ್ ಬಾರಿಸಿ ಬೈದ. ಸಾವಂತ್ರೆವ್ವ ಮಾತ್ರ ಸಿನೆಮಾ ನೋಡಿದಂತೆ ನೋಡುತ್ತ ಕೂತಿದ್ದಳು.

ಮರುದಿನ ಸಂಜೆ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಸಾವಂತ್ರೆವ್ವ ಮೂವರ ಮುಂದೂ ಒಂದೊಂದು ಅರಿವೆಯ ಚೀಲ, ಸೂಜಿ ದಾರ ಇಟ್ಟು, “ಇದರ ಬಾಯಿ ಹೊಲೀರಿ. ಏಜೆನ್ಸಿ ಮಾತು ಆಮ್ಯಾಲ,” ಎಂದಳು.

ಏಜೆನ್ಸಿ ಎಂದರೆ ಆ ಮಂದಿ ಕೌದಿಯನ್ನೂ ಹೊಲಿದುಕೊಡುತ್ತಿದ್ದರು. ಸುನೀಲನಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಮಹಾದೇವ ಗುಂಡಿ ಹಚ್ಚಿದಂತೆ ನಡುವೆ ನಾಲ್ಕು ಹೊಲಿಗೆ ಹಾಕಿ ಕೂತ. ಶಿವಯೋಗಿ ಸರಸರನೆ ಹೊಲಿದು, ಗಂಟು ಬಿಗಿದು, ಎಲ್ಲರಿಗಿಂತ ಮೊದಲು ಹೆಮ್ಮೆಯಿಂದ ಕೊಟ್ಟ. ಚೀಲದ ಎರಡೂ ಮೂಲೆಗಳಲ್ಲಿ ಎರಡು ಕಿವಿ ನಿಂತಿದ್ದವು. ಫಕೀರೇಶನಿಗೆ ನಿನ್ನೆಯ ಲಾರಿ ನೆನಪಾಯಿತು.

“ನೋಡ್ರಿ ಸಾವುಕಾರ್ರ,” ಎಂದಳು ಸಾವಂತ್ರೆವ್ವ. “ಅನುರಾಧಾ ನೇಕಾರರ ಮನಿ ಹುಡುಗಿ, ಅರಿವಿ ತುದಿತನಕ ಹೊಲೀತಾಳ. ಉಳಿದ ಎರಡು ಚೀಲ ನೋಡ್ರಿ, ಮೂಲಿ ಸಪಾಟ ಅದಾವ. ಸುನೀಲನ ಚೀಲದ ಅರಗು ಮುಟ್ಟಿಲ್ಲ, ತಳ ಬಿಚ್ಚಿ ಮತ್ತ ಹೊಲದಾರ. ಅಲ್ಲಿ ಎರಡು ಕಿವಿ ಅದಾವ. ಚೀಟಿ ಇಡೂ ಚೀಲಾನ ಹಮಾಲ ಹೊರ್ತಾನೇನು? ಕಾಳಿನ ಚೀಲ ಹೊಲಿದ ಕೈ ತನ್ನ ರೂಢಿ ಬಿಡಲಿಲ್ಲ.”

ಶಿವಯೋಗಿ ನಕ್ಕ. “ಹುಚ್ಚೇನಬೇ ನಿನಗ? ಖರೇ ಬೆಲಿ ಇನ್ನೊಬ್ಬನ ಚೀಲದಾಗ ಯಾಕ ಹಾಕ್ಲಿ? ನನ್ನದರಾಗ ಹಾಕ್ಕೋತಿದ್ದಿಲ್ಲ?”

“ತಡಿ. ಸುನೀಲಾ, ನಿನ್ನ ಬಾಯಾಗ ಈತನಕ ಗಟ್ಟಿಯಾಗಿ ಒಂದ ಅಂಕಿ ಬಂದಿದ್ದು ನಾ ಕೇಳಿಲ್ಲ. ಖರೇ ಹೇಳು, ಏನು ಬರದಿದ್ದಿ?”

ಅನುರಾಧಾ ಸುನೀಲನನ್ನೇ ನೋಡುತ್ತಿದ್ದಳು. ಕೊನೆಗೆ ಅವನು, “ಎಂಬತ್ತರಿಂದ ತೊಂಬತ್ತು ಸಾವಿರ... ನಡುವ ಎಂಬತ್ತೈದು ಆಗಬಹುದು ಅಂತ,” ಎಂದ.

ಬರೀ ಹತ್ತು ರೂಪಾಯಿ ಫರಕು! ಜನ್ಮದಲ್ಲಿ ಒಮ್ಮೆ ಸರಿಯಾಗಿ ಅಂದಾಜು ಮಾಡಿದ್ದ ಮಹಾನುಭಾವ, ಇನ್ನೊಬ್ಬ ತುರುಕಿದ ಚೀಟಿಗೆ ಮಾಲೆ ಹಾಕಿಸಿಕೊಂಡಿದ್ದ. ಫಕೀರೇಶನಿಗೆ ಉಗಿಯಬೇಕೆನ್ನಿಸಿತು.

“ಬೆಲಿ ಊರಿಗೆಲ್ಲಾ ಗೊತ್ತಾದ ಮ್ಯಾಲ ಶಿವಯೋಗಿ ಚೀಲ ಬಿಚ್ಚಿ ಇದನ್ನ ನೋಡಿದ,” ಎಂದಳು ಸಾವಂತ್ರೆವ್ವ. “ತಾ ಸೋತೆ ಅಂತ ತಿಳೀತು. ಖರೇ ಬೆಲಿ ತನ್ನ ಚೀಲದಾಗ ಹಾಕ್ಕೊಂಡ್ರ ಸಂಶೇ ತನ್ನ ಮ್ಯಾಲ. ಸುನೀಲಂದು ಕೆಡಿಸಿದ್ರ ಅಂವ ಬೊಬ್ಬಿ ಹೊಡೀತಿದ್ದ. ಹೊಗಳಿಕಿ ಸಿಕ್ರ ಬಾಯಿ ಮುಚ್ಚತಾನಂತ ಗೊತ್ತಿತ್ತು. ಇಲ್ಲೇ ಪ್ರಿಂಟರ್ ಇತ್ತು, ಇಲ್ಲೇ ಸೂಜಿ ದಾರ. ಇಬ್ಬರು ಗಂಡಸರ ಆಟಕ್ಕ ಈ ಹುಡುಗಿ ಕಳ್ಳಿ ಆದ್ಲು.”

ಶಿವಯೋಗಿ ತಾನು ಹೊಲಿದ ಚೀಲವನ್ನು ಹಿಂದಕ್ಕೆಳೆದುಕೊಂಡ. ಏಜೆನ್ಸಿ ಯಾರಿಗೆಂದು ಸಾವುಕಾರ ಕೈ ಹಿಸುಕಿಕೊಂಡ. ಕಳ್ಳನನ್ನೂ ಸುಳ್ಳನನ್ನೂ ಬಿಟ್ಟರೆ ಉಳಿದಿದ್ದವನು ಒಂದೂವರೆ ಲಕ್ಷ ಎಂದಿದ್ದ ಮಹಾದೇವನೊಬ್ಬನೇ.

ಅನುರಾಧಾ ಸುನೀಲನ ಮುಂದೆ ನಿಂತಳು. “ಫೋನ್ ತಗಿ. ನಿನ್ನ ಚಾನೆಲ್ಲಿನಾಗ ಹೇಳು.”

ಅವನು ಫೋನ್ ಹಿಡಿದ. “ಸ್ನೇಹಿತರೇ, ಅನುರಾಧಾ ಅವರು ಬಹುಶಃ ಗುಟ್ಟು ಹೇಳಿರಲಿಕ್ಕಿಲ್ಲ...”

“ಬಹುಶಃ ಬ್ಯಾಡ. ಮೊದಲಿಂದ ಹೇಳು.”

ಮೂರನೆಯ ಸಲಕ್ಕೆ ಮಾತು ನೇರ ಬಂತು. ಅನುರಾಧಾ ಗುಟ್ಟು ಹೇಳಿಲ್ಲ, ಆ ಚೀಟಿ ನನ್ನದಲ್ಲ, ಗೊತ್ತಿದ್ದೂ ನಾನು ಸುಮ್ಮನಿದ್ದೆ ಎಂದ.

ಚನ್ನಬಸವಣ್ಣ ಗಂಟಲು ಸರಿಮಾಡಿಕೊಂಡ. “ಆತು ಬಿಡವಾ, ಆಗಿದ್ದು ಆತು. ನಾಳೆ ಜಲ್ದಿ ಬಾ, ಮಾಲು ಬರೂದೈತಿ.”

ಅನುರಾಧಾ ಸುನೀಲನ ಕೈಯಿಂದ ಫೋನ್ ತೆಗೆದುಕೊಂಡು ಸಾವುಕಾರನ ಕಡೆ ತಿರುಗಿಸಿದಳು.

“ಬರ್ತೀನ್ರಿ. ನೀವು ನನ್ನ ಕಳ್ಳಿ ಅಂದಿದ್ದು ಓಣಿತನಕ ಕೇಳೈತಿ. ಈಗ ಹೇಳೂದೂ ಕೇಳ್ಲಿ. ಕ್ಯಾಮೆರಾ ಚಾಲೂ ಐತ್ರಿ.”

ಚನ್ನಬಸವಣ್ಣ ಟೋಪಿ ಸರಿಮಾಡಿಕೊಂಡು ಎದ್ದು ನಿಂತ.